ಮುರಿದ ದಾಖಲೆ ಸುಳ್ಳಾಗುತ್ತದೆಯೇ?

ಪೋಲ್‌ವಾಲ್ಟ್ ವಿಶ್ವದಾಖಲೆಗಳ ಪಟ್ಟಿಯಲ್ಲಿ 1984ರ ಆಗಸ್ಟ್ 31 ಎಂಬ ತಾರೀಕು ಎರಡು ಸಲ ಬರುತ್ತದೆ. ಊರು ಎರಡಕ್ಕೂ ರೋಮ್. ಮೊದಲ ಸಾಲಿನಲ್ಲಿ ಫ್ರಾನ್ಸಿನ ತಿಯೆರಿ ವಿನ್ಯೆರೋನ್, 5.91 ಮೀಟರ್. ಅದರ ಕೆಳಗೆ ಸೋವಿಯತ್ ಒಕ್ಕೂಟದ ಸೆರ್ಗೆಯ್ ಬುಬ್ಕಾ, 5.94 ಮೀಟರ್. ಒಂದೇ ಕೂಟ, ಒಂದೇ ಸ್ಪರ್ಧೆ. ನಡುವೆ ಸರಿದದ್ದು ಕೆಲವೇ ನಿಮಿಷ.

ಈ ಎರಡು ಸಾಲು ನನ್ನನ್ನು ವೇದಾಂತಕ್ಕೆ ಎಳೆದವು ಎಂದರೆ ನಗುವವರಿದ್ದಾರೆ. ನಾನು ಉಡುಪಿ ಕಡೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಷ್ಟ್ರಾಗಿದ್ದವ. ಸೀಟಿ, ಸುಣ್ಣದ ಗೆರೆ, ಅಳತೆಯ ಟೇಪು, ಇವಿಷ್ಟೇ ನನ್ನ ಶಾಸ್ತ್ರ. ನಿವೃತ್ತಿಯಾದ ಮೇಲೆ ಕೃಷ್ಣಮಠದ ರಾಜಾಂಗಣದಲ್ಲಿ ಸಂಜೆ ನಡೆಯುವ ಪ್ರವಚನಗಳಿಗೆ ಹೋಗಿ ಕೂರುವ ಅಭ್ಯಾಸವಾಯಿತು. ಜೊತೆಗೆ ನಮ್ಮದೇ ಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದ ಪಂಡಿತರು. ಅವರ ಮನೆಯವರು ಸ್ಮಾರ್ತರು, ಓದಿದ್ದು ಶಾಂಕರ ಭಾಷ್ಯ, ಕೂತು ಕೇಳುವುದು ಮಧ್ವರ ಊರಿನಲ್ಲಿ. ಯಾವ ಕಡೆಯಿಂದ ಬೇಕಾದರೂ ವಾದ ಹೂಡಬಲ್ಲ ಮನುಷ್ಯ.

ವಿನ್ಯೆರೋನ್ ವಿಷಯ ಹೇಳಿದಾಗ ಅವರು ಕೇಳಿದ್ದು ಇಷ್ಟೇ: "ಮಾಷ್ಟ್ರೇ, ಒಂದು ಚಹಾ ಕುಡಿದು ಲೋಟ ಕೆಳಗಿಡುವಷ್ಟು ಹೊತ್ತೂ ಸರಿಯಾಗಿ ನಿಲ್ಲದ್ದನ್ನು ದಾಖಲೆ ಅಂತ ಯಾಕೆ ಕರೀಬೇಕು ಮಾರಾಯ್ರೆ? ಕನಸಿಗೂ ಅದಕ್ಕೂ ಎಂತ ವ್ಯತ್ಯಾಸ?"

ಉತ್ತರ ಕೊಡುವ ಮೊದಲು ಆ ಮನುಷ್ಯ ಯಾರು ಎಂದು ಹೇಳಬೇಕು. (ಕ್ರೀಡಾಪಟುಗಳನ್ನು ನಾನು ಏಕವಚನದಲ್ಲೇ ಕರೆಯುವುದು. ಮೈದಾನದ ಅಭ್ಯಾಸ, ಅಗೌರವ ಅಲ್ಲ.) ವಿನ್ಯೆರೋನ್ ಹುಟ್ಟಿದ್ದು 1960ರಲ್ಲಿ, ಪ್ಯಾರಿಸಿನ ಮಗ್ಗುಲಿನ ಝೆನ್‌ವಿಲಿಯೆ ಎಂಬಲ್ಲಿ. ಆ ಕಾಲದ ಫ್ರಾನ್ಸಿನಲ್ಲಿ ಪೋಲ್‌ವಾಲ್ಟ್ ಹುಡುಗರ ಒಂದು ದಂಡೇ ಇತ್ತು: ಫಿಲಿಪ್ ಊವಿಯೋನ್, ಝಾನ್-ಮಿಶೆಲ್ ಬೆಲ್ಲೋ, ಪಿಯೆರ್ ಕಿನೋನ್. ಒಬ್ಬ ಏರಿದ ಎತ್ತರವನ್ನು ಇನ್ನೊಬ್ಬ ದಾಟದೆ ಬಿಡುತ್ತಿರಲಿಲ್ಲ. 1980ರ ಜೂನ್ 1ರಂದು ಪ್ಯಾರಿಸ್ ಬಳಿಯ ಕೊಲೊಂಬ್‌ನಲ್ಲಿ ವಿನ್ಯೆರೋನ್ 5.75 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ. ಆಗ ಅವನಿಗೆ ಇಪ್ಪತ್ತು ವರ್ಷ. ಆ ದಾಖಲೆ ಬದುಕಿದ್ದು ಒಂದೂವರೆ ತಿಂಗಳು. ಜುಲೈ 17ಕ್ಕೆ ಊವಿಯೋನ್ 5.77 ಹಾರಿದ. ಊವಿಯೋನನದು ಇನ್ನೂ ಕಡಿಮೆ. ಅದೇ ಜುಲೈ 30ರಂದು ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಪೋಲೆಂಡಿನ ಕೊಜಾಕಿಯೆವಿಚ್, ತನ್ನನ್ನು ಸೀಟಿ ಹೊಡೆದು ಅಣಕಿಸಿದ ಪ್ರೇಕ್ಷಕರಿಗೆ ತೋಳು ಮಡಚಿ ತೋರಿಸಿ, 5.78ಕ್ಕೆ ಚಿನ್ನವನ್ನೂ ದಾಖಲೆಯನ್ನೂ ಒಟ್ಟಿಗೆ ತೆಗೆದುಕೊಂಡ. ವಿನ್ಯೆರೋನ್‌ಗೆ ಅಲ್ಲಿ ಪದಕವೇ ಇಲ್ಲ.

1981ರ ಜೂನ್ 20. ಮಾಕೋನ್ ಎಂಬ ಊರು. 5.80 ಮೀಟರನ್ನು ಮನುಷ್ಯನೊಬ್ಬ ಮೊದಲ ಬಾರಿ ದಾಟಿದ್ದು ಅಲ್ಲಿ; ದಾಟಿದವ ವಿನ್ಯೆರೋನ್. ಆರು ದಿನ ಕಳೆಯಿತು. ತ್ಬಿಲಿಸಿಯಲ್ಲಿ ಸೋವಿಯತ್ ಒಕ್ಕೂಟದ ಪೊಲ್ಯಾಕೋವ್ 5.81 ಹಾರಿದ.

ಆಮೇಲೆ ಎರಡು ವರ್ಷ ಏನೂ ಇಲ್ಲ. 1983ರ ಆಗಸ್ಟ್ 28ರಂದು ಕಲೋನ್‌ನಲ್ಲಿ ಕಿನೋನ್ 5.82 ದಾಟಿದ. ನಾಲ್ಕನೇ ದಿನಕ್ಕೆ ವಿನ್ಯೆರೋನ್ ರೋಮ್‌ನಲ್ಲಿ 5.83 ದಾಟಿದ. ಇದೊಂದು ಸ್ವಲ್ಪ ಬಾಳಿತು, ಹೆಚ್ಚುಕಡಿಮೆ ಒಂಬತ್ತು ತಿಂಗಳು. ಅಷ್ಟರಲ್ಲಿ ಬುಬ್ಕಾ ಬಂದಿದ್ದ. ಹೆಲ್ಸಿಂಕಿಯ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು ಹತ್ತೊಂಬತ್ತನೇ ವಯಸ್ಸಿನಲ್ಲಿ ಗೆದ್ದಿದ್ದ ಹುಡುಗ 1984ರ ಮೇ ತಿಂಗಳಿನಿಂದ ಜುಲೈ ಒಳಗೆ 5.85, 5.88, 5.90 ಎಂದು ಮೂರು ಮೆಟ್ಟಿಲು ಏರಿಬಿಟ್ಟ. ಅದರಲ್ಲಿ ಎರಡನೆಯದನ್ನು ಹಾರಿದ್ದು ಪ್ಯಾರಿಸಿನ ಬಾಗಿಲಲ್ಲೇ ಇರುವ ಸಾನ್-ದೆನಿಯಲ್ಲಿ, ಫ್ರೆಂಚರ ಕಣ್ಣೆದುರಿಗೆ.

ನಂತರ ಬಂದದ್ದು ರೋಮ್‌ನ ಆ ಸಂಜೆ.

ಈ ಆಟ ನೋಡದವರಿಗೆ 5.91 ಬರೀ ಅಂಕಿ. ನನಗೆ ಹಾಗಲ್ಲ. ನಮ್ಮ ಕಾಲದಲ್ಲಿ ಬಿದಿರಿನ ಗಳ ಹಿಡಿದು ಮರಳಿನ ಗುಂಡಿಗೆ ಬೀಳುತ್ತಿದ್ದೆವು. ಒಳ್ಳೆಯ ಬಿದಿರು ಎಂದರೆ ತೂಕ ಕಡಿಮೆ ಇರಬೇಕು, ಗಂಟು ಒತ್ತೊತ್ತಾಗಿರಬೇಕು, ಸೀಳಿರಬಾರದು. ಅಂಥ ಬಿದಿರಿನಲ್ಲೇ ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ 4.77 ಮೀಟರ್ ಹಾರಿದ್ದ ಎಂಬುದು ನಮಗೆಲ್ಲ ಪುರಾಣದಂತೆ ಕೇಳಿಸುತ್ತಿತ್ತು. 1960ರ ದಶಕದಲ್ಲಿ ಫೈಬರ್‌ಗ್ಲಾಸ್ ಕೋಲು ಬಂದು ಲೆಕ್ಕವೇ ಬದಲಾಯಿತು. ಓಟದ ವೇಗವನ್ನು ಕೋಲು ಬಾಗಿ ನುಂಗಿಕೊಳ್ಳುತ್ತದೆ, ನೆಟ್ಟಗಾಗುವಾಗ ತಿರುಗಿ ಕೊಡುತ್ತದೆ. ಓಡಿಬಂದು ಕೋಲಿನ ತುದಿಯನ್ನು ನೆಲದ ಪೆಟ್ಟಿಗೆಗೆ ಊರಬೇಕು, ನೆಲ ಬಿಡಬೇಕು, ಕೋಲು ಬಾಗಿರುವಾಗ ಕಾಲನ್ನು ಆಕಾಶಕ್ಕೆ ಎತ್ತಿ ತಲೆಕೆಳಗಾಗಬೇಕು, ಕೋಲು ಸೆಟೆದುಕೊಳ್ಳುವಾಗ ಮೈ ತಿರುಗಿಸಿ ಅಡ್ಡಪಟ್ಟಿಯ ಮೇಲಿಂದ ಜಾರಬೇಕು. ಕೊನೆಗೆ, ಅಲ್ಲಿವರೆಗೆ ಎತ್ತಿದ ಕೋಲನ್ನು ಬಿಟ್ಟುಬಿಡಬೇಕು. ಬಿಡುವುದು ತಡವಾದರೆ ಕೈಯೋ ಎದೆಯೋ ಪಟ್ಟಿಗೆ ತಾಗಿ ಎಲ್ಲ ಹೋಯಿತು. ಇಷ್ಟೂ ಮುಗಿಯುವುದು ಒಂದೆರಡು ಸೆಕೆಂಡಿನಲ್ಲಿ.

ಹಾರಿದವನ ಹಿಂದೆ ಪಟ್ಟಿ ಗೂಟದ ಮೇಲೆ ನಡುಗುತ್ತಿರುತ್ತದೆ. ನಡುಗಿದರೆ ತಪ್ಪಿಲ್ಲ, ಬೀಳಬಾರದು ಅಷ್ಟೆ. ಬೀಳಲಿಲ್ಲ ಎಂದರೆ ಅಧಿಕಾರಿ ಬಿಳಿ ಬಾವುಟ ಎತ್ತುತ್ತಾನೆ. ಒಂದು ವಸ್ತು ಇತ್ತು, ಒಂದು ಘಟನೆ ನಡೆಯಿತು ಎಂದು ಹೇಳುವ ಅಧಿಕಾರ ನನ್ನ ಲೋಕದಲ್ಲಿ ಆ ಬಾವುಟಕ್ಕೆ.

ಈಗ ಪಂಡಿತರ ಪ್ರಶ್ನೆ. ಅದು ಸುಮ್ಮನೆ ಚೇಷ್ಟೆಯ ಪ್ರಶ್ನೆ ಅಲ್ಲ, ಬಹಳ ಹಳೆಯ ವಾದವೊಂದು ಅದರ ಹಿಂದೆ ಇದೆ. ಗೌಡಪಾದರು ಮಾಂಡೂಕ್ಯ ಕಾರಿಕೆಯಲ್ಲಿ, ಹುಟ್ಟುವುದಕ್ಕೆ ಮುಂಚೆ ಇರದ, ಅಳಿದ ಬಳಿಕ ಉಳಿಯದ ವಸ್ತುವಿಗೆ ನಡುವಿನ ಅವಧಿಯ ಇರವನ್ನೂ ಕೊಡುವುದಿಲ್ಲ. ಇರುವ ಹಾಗೆ ತೋರುತ್ತದೆ ಎಂದಷ್ಟೇ ಒಪ್ಪುತ್ತಾರೆ. ಅವರ ನಂತರದ ಪರಂಪರೆಯಲ್ಲಿ ಸತ್ಯ ಎಂದರೆ ಮೂರು ಕಾಲದಲ್ಲೂ ಬಾಧೆಗೆ, ಅಂದರೆ ಇರಲೇ ಇಲ್ಲ ಎಂಬ ನಿರಾಕರಣೆಗೆ, ಸಿಗದ್ದು. ಪಂಡಿತರು ಇದನ್ನು ರೋಮ್‌ಗೆ ಹಚ್ಚಿದರು. ಆಗಸ್ಟ್ 31ರ ಮಧ್ಯಾಹ್ನ ವಿನ್ಯೆರೋನ್ ವಿಶ್ವದಾಖಲೆಯ ಒಡೆಯ ಅಲ್ಲ. ರಾತ್ರಿ ಮಲಗುವಾಗಲೂ ಅಲ್ಲ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ ಎಂದಾದರೆ ನಡುವೆ ಇದ್ದದ್ದು ಏನು?

ಮಧ್ವರ ಕಡೆಯವರು ಇಲ್ಲೇ ಅಡ್ಡ ಬರುತ್ತಾರೆ. ಒಂದು ವಸ್ತು ಒಂದು ದೇಶದಲ್ಲಿ, ಒಂದು ಕಾಲದಲ್ಲಿ ಇತ್ತು ಎಂದಾದರೆ ಅದನ್ನು ಸತ್ಯ ಎನ್ನಲು ಅಷ್ಟು ಸಾಕು. ಎಲ್ಲ ಕಾಲಕ್ಕೂ ಇರಬೇಕೆಂಬುದು ನಿತ್ಯದ ಲಕ್ಷಣ; ಅದನ್ನು ತಂದು ಸತ್ಯದ ತಲೆಗೆ ಕಟ್ಟಬಾರದು. ಗಡಿಗೆ ಒಡೆದುಹೋಯಿತು, ಹೌದು. ಒಡೆಯಿತು ಎನ್ನಬೇಕಾದರೆ ಅದು ಮೊದಲು ಇರಬೇಕಲ್ಲ. ಹಗ್ಗದ ಮೇಲೆ ಕಂಡ ಹಾವು ಹಾಗಲ್ಲ. ದೀಪ ತಂದು ನೋಡಿದವ ಹಾವು ಸತ್ತಿತು ಎನ್ನುವುದಿಲ್ಲ, ಹಾವು ಇರಲೇ ಇಲ್ಲ ಎನ್ನುತ್ತಾನೆ. ಗಡಿಗೆಗೆ ಆದದ್ದು ನಾಶ, ಹಾವಿಗೆ ಆದದ್ದು ಬಾಧ. ಹಂಪಿಯ ಕಾಲದ ವ್ಯಾಸತೀರ್ಥರು 'ನ್ಯಾಯಾಮೃತ'ದಲ್ಲಿ ಮಿಥ್ಯೆ ಎಂದರೇನು ಎಂದು ಅದ್ವೈತಿಗಳು ಕೊಟ್ಟ ವಿವರಣೆಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷೆ ಮಾಡಿದ್ದಾರೆ; ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ' ಬರೆದರು. ಆ ವಿವರಣೆಗಳಲ್ಲಿ ಒಂದರ ತಾತ್ಪರ್ಯ ಹೀಗೆ: ಯಾವುದು ಕಂಡ ಜಾಗದಲ್ಲೇ ಮೂರು ಕಾಲಕ್ಕೂ ಇರಲಿಲ್ಲ ಎಂದು ನಿರಾಕರಣೆಗೊಳ್ಳುತ್ತದೋ ಅದು ಮಿಥ್ಯೆ. ಪ್ರವಚನದಲ್ಲಿ ಇದನ್ನು ಕೇಳಿದ ದಿನ ನನಗೆ ನೆನಪಾದದ್ದು ಮತ್ತೆ ರೋಮ್, ಆದರೆ 1987ರ ರೋಮ್.

ಆ ವರ್ಷ ವಿಶ್ವ ಚಾಂಪಿಯನ್‌ಷಿಪ್ ಅಲ್ಲಿ ನಡೆಯಿತು. ಲಾಂಗ್‌ಜಂಪ್‌ನಲ್ಲಿ ಇಟಲಿಯ ಜೊವಾನಿ ಎವಾಂಜೆಲಿಸ್ತಿಗೆ ಕೊನೆಯ ಜಿಗಿತದಲ್ಲಿ 8.38 ಮೀಟರ್ ಎಂದು ಫಲಕದಲ್ಲಿ ಬಿತ್ತು, ಕಂಚು ಸಿಕ್ಕಿತು. ವಿಚಾರಣೆಯಾದ ಮೇಲೆ ಗೊತ್ತಾಯಿತು: ಆ ಅಳತೆಯನ್ನು ಅಧಿಕಾರಿಗಳು ಮೊದಲೇ ತಯಾರು ಮಾಡಿಟ್ಟಿದ್ದರು. ಪದಕ ಅಮೆರಿಕದ ಲ್ಯಾರಿ ಮೈರಿಕ್ಸ್‌ಗೆ ಹೋಯಿತು. 8.38 ಅಲ್ಲಿ ಆಗ ಇರಲಿಲ್ಲ, ಆಮೇಲೆ ಇರಲಿಲ್ಲ, ಫಲಕದಲ್ಲಿ ಹೊಳೆಯುತ್ತಿದ್ದ ಆ ಗಳಿಗೆಯಲ್ಲೂ ಮರಳಿನ ಮೇಲೆ ಇರಲಿಲ್ಲ. ಇದಕ್ಕಿಂತ ಚಂದದ ಹಗ್ಗ-ಹಾವನ್ನು ನಾನು ಕ್ರೀಡೆಯಲ್ಲಿ ಕಂಡಿಲ್ಲ. ಇಡೀ ಕ್ರೀಡಾಂಗಣ ಅದನ್ನು ಕಂಡು ಚಪ್ಪಾಳೆ ಹೊಡೆದಿತ್ತು.

ವಿನ್ಯೆರೋನನ 5.91ಕ್ಕೆ ಹೀಗಾಗಲಿಲ್ಲ. ಬುಬ್ಕಾ 5.94 ದಾಟಿದಾಗ ಯಾರೂ ಬಂದು ವಿನ್ಯೆರೋನ್ ಹಾರಿದ್ದು 5.91 ಅಲ್ಲ ಎನ್ನಲಿಲ್ಲ. ಬಿಳಿ ಬಾವುಟವನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂತರರಾಷ್ಟ್ರೀಯ ಒಕ್ಕೂಟ ಎರಡನ್ನೂ ಮಾನ್ಯ ಮಾಡಿ ಒಂದರ ಕೆಳಗೊಂದು ಬರೆದುಕೊಂಡಿತು. ಅಲ್ಲಿ ಆರು ದಿನ ಬಾಳಿದ 5.80ಕ್ಕೂ ಒಂದು ಸಾಲು, ಒಂಬತ್ತು ತಿಂಗಳ 5.83ಕ್ಕೂ ಒಂದು ಸಾಲು, ನಿಮಿಷಗಳ 5.91ಕ್ಕೂ ಒಂದು ಸಾಲು. ಗುಮಾಸ್ತಿಕೆಯ ಕೆಲಸ ಎಂದು ತೋರಬಹುದು. ನನಗೆ ಅದರಲ್ಲಿ ಮಧ್ವರ ಶುದ್ಧ ತತ್ತ್ವವಾದ ಕಾಣುತ್ತದೆ.

ಬೆನ್ ಜಾನ್ಸನ್ ಎಲ್ಲಿಗೆ ಸೇರುತ್ತಾನೆ ಎಂದು ನೀವು ಕೇಳಬಹುದು. ಅದೇ 1987ರ ರೋಮ್‌ನಲ್ಲಿ ಅವನು ನೂರು ಮೀಟರನ್ನು 9.83 ಸೆಕೆಂಡಿಗೆ ಓಡಿದ. ಮದ್ದಿನ ಕಾರಣಕ್ಕೆ ಆಮೇಲೆ ಅದನ್ನು ಪಟ್ಟಿಯಿಂದ ತೆಗೆದರು. ಓಡಿದ್ದು ಹೌದು, ಗಡಿಯಾರವೂ ಸರಿ, ಆದರೂ ದಾಖಲೆ ಇಲ್ಲ. ನಾಶವೋ ಬಾಧವೋ? ಇದನ್ನು ನಾನು ಪಂಡಿತರ ತಲೆಗೆ ಹಾಕಿದ್ದೇನೆ. ಅವರು ಇನ್ನೂ ಬಾಯಿ ಬಿಟ್ಟಿಲ್ಲ.

ಆದರೆ 5.91ರ ವಿಷಯದಲ್ಲಿ ಅವರು ಸೋಲುವವರಲ್ಲ. ಮರುದಿನವೇ ತಿರುಗಿ ಬಂದರು. "ನೋಡಿ ಮಾಷ್ಟ್ರೇ, ಅದ್ವೈತಿಯೇನು ಗಡಿಗೆಯನ್ನೂ ಹಾವನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಹಾವು ಪ್ರಾತಿಭಾಸಿಕ, ಬರೀ ತೋರಿಕೆ; ಗಡಿಗೆ ವ್ಯಾವಹಾರಿಕ, ಲೋಕದ ವ್ಯವಹಾರಕ್ಕೆ ಸಾಕಾಗುವ ಸತ್ಯ. ನಿಮ್ಮ ಫ್ರೆಂಚಿನವ ಹಾರಿದ್ದೂ ವ್ಯಾವಹಾರಿಕ ಸತ್ಯವೇ, ನಮಗೆ ತಕರಾರಿಲ್ಲ. ಅದಕ್ಕೆ ಬಾಧೆ ಬರುವುದು ಬ್ರಹ್ಮಜ್ಞಾನ ಆದಾಗ. ಬುಬ್ಕಾ ಎಂತ, ಬ್ರಹ್ಮಜ್ಞಾನವಾ?"

ನಾನು ನಕ್ಕೆ. ಆದರೆ ಅವರಿಗೆ ಗೊತ್ತಿಲ್ಲದೆ ಅವರು ನನ್ನ ಪಕ್ಷಕ್ಕೇ ಬಂದಿದ್ದರು. ಬುಬ್ಕಾ 1994ರಲ್ಲಿ ಇಟಲಿಯ ಸೆಸ್ತ್ರಿಯೆರೆಯಲ್ಲಿ 6.14 ಹಾರಿದ. ಹೊರಾಂಗಣದಲ್ಲಿ ಅದಕ್ಕಿಂತ ಮೇಲೆ ಇನ್ನೊಬ್ಬ ಹೋಗಲು 2020 ಬರಬೇಕಾಯಿತು. ಅಂದರೆ 26 ವರ್ಷ. ಲೋಕದ ಲೆಕ್ಕದಲ್ಲಿ ಇದು ಬಂಡೆ, 5.91 ನೀರಗುಳ್ಳೆ. ಪಂಡಿತರ ಲೆಕ್ಕದಲ್ಲಾದರೂ ಎರಡರ ಅಂತಸ್ತು ಒಂದೇ: ಎರಡೂ ವ್ಯಾವಹಾರಿಕ. ಹೆಚ್ಚು ಕಾಲ ನಿಂತಿತು ಎಂಬ ಕಾರಣಕ್ಕೆ 6.14 ಒಂದು ಕೂದಲೆಳೆಯಷ್ಟೂ ಬ್ರಹ್ಮದ ಹತ್ತಿರ ಹೋಗುವುದಿಲ್ಲ. ಮಧ್ವರ ಲೆಕ್ಕದಲ್ಲಿ ಎರಡೂ ಸತ್ಯ, ಎರಡೂ ಅನಿತ್ಯ. ಎರಡು ಮತಗಳು ಎಷ್ಟೋ ಶತಮಾನ ಜಗಳವಾಡಿರಬಹುದು. ಹೆಚ್ಚು ಬಾಳಿದ್ದು ಹೆಚ್ಚು ನಿಜ ಎಂಬ ಮಾತನ್ನು ಎರಡೂ ಕಡೆ ಸೇರಿಸುವುದಿಲ್ಲ. ಆ ಮಾತು ಹುಟ್ಟಿದ್ದು ಶಾಸ್ತ್ರದಲ್ಲಿ ಅಲ್ಲ, ನಮ್ಮ ಭಯದಲ್ಲಿ. ಮನೆ, ಹೆಸರು, ವಂಶ ಇವೆಲ್ಲ ನಿಲ್ಲಬೇಕು ಎನ್ನುವ ಆಸೆಯನ್ನು ನಾವು ಸತ್ಯದ ಅಳತೆಗೋಲು ಮಾಡಿಕೊಂಡಿದ್ದೇವೆ.

ಬೌದ್ಧರನ್ನು ಕೇಳಿದರೆ ಅವರು ಇನ್ನೂ ಮುಂದೆ ಹೋಗುತ್ತಾರೆ. ಕ್ಷಣಕ್ಕಿಂತ ಹೆಚ್ಚು ಬಾಳುವ ವಸ್ತುವೇ ಇಲ್ಲ. ಏನಾದರೊಂದು ಕಾರ್ಯವನ್ನು ಮಾಡಬಲ್ಲದ್ದೇ ಇರುವ ವಸ್ತು ಎಂದು ಧರ್ಮಕೀರ್ತಿಯ ನಿಲುವು. ಈ ಅಳತೆಯಲ್ಲೂ 5.91 ತೇರ್ಗಡೆ. ಬುಬ್ಕಾ ದಾಖಲೆಗಳನ್ನು ಒಂದೊಂದೇ ಸೆಂಟಿಮೀಟರ್ ಏರಿಸುವುದಕ್ಕೆ ಮುಂದೆ ಹೆಸರಾದವ. ಒಳಾಂಗಣ ಹೊರಾಂಗಣ ಸೇರಿ 35 ಸಲ ವಿಶ್ವದಾಖಲೆ ಮಾಡಿದ. ರೋಮ್‌ನ ಆ ಸಂಜೆ ಅವನು ತನ್ನದೇ 5.90ರಿಂದ 5.94ಕ್ಕೆ ನೆಗೆದ. ನಾಲ್ಕು ಸೆಂಟಿಮೀಟರ್! ಫ್ರೆಂಚಿನವನ ಪಟ್ಟಿ ನಡುವೆ ನಿಂತಿರದಿದ್ದರೆ ಅಷ್ಟು ಕೇಳುತ್ತಿರಲಿಲ್ಲ ಎಂಬುದು ನನ್ನ ಊಹೆ.

ವಿನ್ಯೆರೋನನ ಬದುಕಿನಲ್ಲಿ ಇನ್ನೊಂದು ಜೋಡಿ ಇದೆ, ಅದು ನನ್ನನ್ನು ಹೆಚ್ಚು ಕಾಡುತ್ತದೆ. ರೋಮ್‌ಗಿಂತ 23 ದಿನ ಮೊದಲು, ಆಗಸ್ಟ್ 8ರಂದು, ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಪೋಲ್‌ವಾಲ್ಟ್ ಫೈನಲ್ ನಡೆದಿತ್ತು. ಸೋವಿಯತ್ ದೇಶದವರು ಬಹಿಷ್ಕಾರ ಹಾಕಿದ್ದರಿಂದ ಬುಬ್ಕಾ ಇಲ್ಲ. ಕಿನೋನ್ 5.75ಕ್ಕೆ ಚಿನ್ನ ಗೆದ್ದ. ಈ ಸ್ಪರ್ಧೆಯಲ್ಲಿ ಫ್ರಾನ್ಸಿಗೆ ಅದೇ ಮೊದಲ ಒಲಿಂಪಿಕ್ ಚಿನ್ನ. ವಿನ್ಯೆರೋನ್ 5.60ಕ್ಕೆ ನಿಂತು, ಅಮೆರಿಕದ ಅರ್ಲ್ ಬೆಲ್ ಜೊತೆ ಕಂಚು ಹಂಚಿಕೊಂಡ. 23 ದಿನ ಕಳೆದು ಅವನು ದಾಟಿದ್ದು ಚಿನ್ನದ ಎತ್ತರಕ್ಕಿಂತ 16 ಸೆಂಟಿಮೀಟರ್ ಮೇಲೆ.

ಒಲಿಂಪಿಕ್ ಚಿನ್ನವನ್ನು ಯಾರೂ ಮುರಿಯಲಾರರು. ಕಿನೋನ್ 2011ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಹೋದ. 1984ರ ಚಾಂಪಿಯನ್ ಎಂಬ ಬಿರುದು ಹಾಗೇ ಇದೆ, ಸಾವಿರ ವರ್ಷ ಕಳೆದರೂ ಇರುತ್ತದೆ. ಹಾಗಾದರೆ ಅದು ವಿನ್ಯೆರೋನನ 5.91ಕ್ಕಿಂತ ಹೆಚ್ಚಿನದೇ? ಹೆಚ್ಚಿನದು ಎನ್ನುವವರೇ ಬಹಳ. ಜನ ನೆನಪಿಡುವುದು ಚಿನ್ನವನ್ನು, ಸರಕಾರ ಸನ್ಮಾನ ಮಾಡುವುದು ಚಿನ್ನಕ್ಕೆ. ಕಿನೋನನನ್ನು ಕಡಿಮೆ ಮಾಡುವುದು ನನ್ನ ಉದ್ದೇಶ ಅಲ್ಲ. ಬಹಿಷ್ಕಾರ ಅವನು ಹಾಕಿದ್ದಲ್ಲ. ಆ ದಿನ ಆ ಮೈದಾನದಲ್ಲಿ ಇದ್ದವರಲ್ಲಿ ಅವನೇ ಎತ್ತರ ಹೋದ. ಆದರೆ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ರೋಮ್‌ನ ನಿಮಿಷಗಳನ್ನೇ ಆರಿಸುತ್ತೇನೆ. ಬುಬ್ಕಾ ಪಕ್ಕದಲ್ಲೇ ನಿಂತಿದ್ದಾಗ, ಭೂಮಿಯ ಮೇಲೆ ಅಲ್ಲಿವರೆಗೆ ಕೋಲು ಹಿಡಿದ ಯಾರೂ ಹೋಗದ ಎತ್ತರಕ್ಕೆ ಹೋಗಿ ಬಂದವ ಅವನು. ಗೈರುಹಾಜರಾದವರ ಲೆಕ್ಕ ತೆಗೆಯಬೇಕಾಗಿಲ್ಲದ ಗೆಲುವು ಅದು.

ಕೋಲು ಜಿಗಿತದವನಿಗೆ ದ್ವೈತಿಗಳ ಇನ್ನೊಂದು ಮಾತೂ ಹೊಂದುತ್ತದೆ: ಸ್ವತಂತ್ರ ಎನ್ನಿಸಿಕೊಳ್ಳುವವನು ಹರಿ ಒಬ್ಬನೇ, ಉಳಿದದ್ದೆಲ್ಲ ಪರತಂತ್ರ. ಓಟಗಾರನಿಗೆ ಕಾಲು ಸಾಕು. ಇವನಿಗೆ ಕೋಲು ಬೇಕು, ಆ ಕೋಲನ್ನು ವಿಮಾನಕ್ಕೆ ಹತ್ತಿಸಿಕೊಳ್ಳುವ ಪುಣ್ಯಾತ್ಮ ಬೇಕು, ಗಾಳಿ ತಿರುಗಿ ಬೀಸಬಾರದು, ಪಟ್ಟಿ ಇಡುವವನ ಕೈ ನೆಟ್ಟಗಿರಬೇಕು. ಸ್ಪರ್ಧೆಯ ನಿಯಮವೂ ಹಾಗೇ. ಗೆದ್ದವನು ತಾನಾಗಿ ನಿಲ್ಲಿಸದಿದ್ದರೆ, ಪಟ್ಟಿಯನ್ನು ಮೂರು ಸಲ ಬೀಳಿಸಿಯೇ ಮನೆಗೆ ಹೋಗುತ್ತಾನೆ. ಚಿನ್ನ ಗೆದ್ದ ದಿನವೂ ಅವನು ಮಾಡಿದ ಕೊನೆಯ ಕೆಲಸ ಸೋಲು. ಪರತಂತ್ರ ಎಂದರೆ ಸುಳ್ಳು ಎಂದಲ್ಲ ಎಂಬುದನ್ನು ಮಧ್ವರು ಒತ್ತಿ ಹೇಳಿದ್ದು ಯಾಕೆ ಎಂದು ನನಗೆ ಅರ್ಥವಾದದ್ದು ಈ ಆಟದಿಂದ.

ರೋಮ್‌ನ ಆ ಸಂಜೆಯ ನಂತರ ವಿನ್ಯೆರೋನ್‌ಗೆ ಹೊರಾಂಗಣದ ವಿಶ್ವದಾಖಲೆ ಮತ್ತೆ ಸಿಗಲಿಲ್ಲ. ಮರುವರ್ಷ ಬುಬ್ಕಾ ಪ್ಯಾರಿಸಿನಲ್ಲೇ ಆರು ಮೀಟರ್ ದಾಟಿದ. ವಿನ್ಯೆರೋನ್ ಹಾರುವುದನ್ನು ಬಿಡಲಿಲ್ಲ. 1987ರಲ್ಲಿ ಯುರೋಪಿನ ಒಳಾಂಗಣ ಪಟ್ಟ ಗೆದ್ದ. ಅದೇ ವರ್ಷ ರೋಮ್‌ನಲ್ಲಿ 5.80 ಹಾರಿ ವಿಶ್ವ ಚಾಂಪಿಯನ್‌ಷಿಪ್‌ನ ಬೆಳ್ಳಿ ಪಡೆದ. ಚಿನ್ನ 5.85ಕ್ಕೆ, ಬುಬ್ಕಾನಿಗೆ. ಅದೇ ಊರು, ಅದೇ ಎದುರಾಳಿ. ಆಮೇಲೆ ಅವನ ದೇಶದವರೇ ಎತ್ತರ ಹೋದರು: 1996ರ ಅಟ್ಲಾಂಟಾದಲ್ಲಿ ಝಾನ್ ಗಾಲ್ಫಿಯೋನ್‌ಗೆ ಒಲಿಂಪಿಕ್ ಚಿನ್ನ, 2014ರಲ್ಲಿ ಬುಬ್ಕಾನ ಊರಾದ ದೊನೆತ್ಸ್ಕ್‌ನಲ್ಲೇ, ಒಳಾಂಗಣದಲ್ಲಿ, ರೆನೋ ಲಾವಿಲೆನಿಯ 6.16. ಅದನ್ನೂ 2020ರಲ್ಲಿ ಸ್ವೀಡನ್ನಿನ ಡುಪ್ಲಾಂಟಿಸ್ ಮುರಿದ.

ನಮ್ಮ ಶಾಲೆ ಕಾಲೇಜುಗಳ ದೈಹಿಕ ಶಿಕ್ಷಕರಲ್ಲಿ ಒಂದು ವಿನಂತಿ ಇದೆ. ಕೂಟ ದಾಖಲೆ ಬರೆಯುವ ಮರದ ಫಲಕ ಎಲ್ಲ ಕಡೆ ಇರುತ್ತದೆ. ಹೊಸ ದಾಖಲೆಯಾದ ಕೂಡಲೇ ಪೇಂಟರನ್ನು ಕರೆಸಿ ಹಳೆಯ ಹೆಸರಿನ ಮೇಲೆ ಬಣ್ಣ ಹೊಡೆಸುವುದು ನಮ್ಮ ಪದ್ಧತಿ. ಹಾಗೆ ಮಾಡಬೇಡಿ. ಹಿಂದಿನ ವರ್ಷ ಹಾರಿದ ಹುಡುಗಿ ಹಾರಿದ್ದು ಹೌದು. ಅವಳ ಹೆಸರು ಇರಲಿ, ಹೊಸದನ್ನು ಕೆಳಗೆ ಬರೆಸಿ. ಜಾಗ ಸಾಲದಿದ್ದರೆ ಇನ್ನೊಂದು ಫಲಕ ಮಾಡಿಸಿ. ಹಲಗೆಗೆ ಅಂಥ ಖರ್ಚೇನೂ ಆಗುವುದಿಲ್ಲ.